ಬಿ.ಎ. ಓದಿಸಿದರೆ ಖರ್ಚೆಷ್ಟು, ಸಿಗುವುದೇನು?

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆ ಶುರುವಾದ 1975ರಲ್ಲಿ ನಮ್ಮೂರು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ನಾನು ಒಂದನೇ ಕ್ಲಾಸಿನಲ್ಲಿ ಪುಸ್ತಕದ ಮೇಲೆ ಹಾಗೇ ಬರೆದುಕೊಂಡಿದ್ದೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದು ತಿದ್ದಿಸಿದರು. ಈಗ ನ್ಯಾಮತಿ ತಾಲ್ಲೂಕು. ಹೊಂಗೆ ಮರ ಮಾತ್ರ ಇದ್ದಲ್ಲೇ ಇದೆ. ಅದರ ಕೆಳಗೆ ಮಗ್ಗಿ ತಪ್ಪಿ ಹೇಳಿ ನಿಂತಿದ್ದವರಲ್ಲಿ ನಾನೂ ಒಬ್ಬ.

ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶ’. ಗುರುಗಳು ಕ್ಷಮಿಸಬೇಕು, ನಾನು ಬೇರೆ ವಿಷಯ ತಂದಿದ್ದೇನೆ. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಮಾತು ನಡೆಯುತ್ತಿದೆ. ಇಲ್ಲಿ ಕೂತಿರುವ ಹಲವು ಮನೆಗಳಲ್ಲೂ ಅದು ನಡೆದಿರುತ್ತದೆ, ಇಲ್ಲವೇ ಮುಂದೆ ನಡೆಯುತ್ತದೆ.

ನನ್ನ ಅಕ್ಕನನ್ನು ಜಗಳೂರಿನ ಕಡೆ ಕೊಟ್ಟಿದೆ. ಅವಳ ಮಗಳು ಈಗ ಅಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆ. ದೀಪಾವಳಿಗೆ ಹೋದಾಗ ಹುಡುಗಿ ಹೇಳಿದಳು: “ಮಾವ, ನಂಗೆ ಬಿಇ ಬೇಡ. ಎಕನಾಮಿಕ್ಸ್, ಹಿಸ್ಟರಿ ಓದ್ತೀನಿ.” ಬೆಂಗಳೂರಿನಲ್ಲಿ ಅಲ್ಲೇ ಉಳಿದುಕೊಂಡು ಓದುವ ಒಂದು ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಿನ ಹೆಸರು ಬೇರೆ ಹೇಳಿದಳು. ಭಾವ ನನ್ನ ಮುಖ ನೋಡಿದರು. “ಇದು ನಮ್ಮೂರ ಬಿಎನೇ ಅಲ್ವೇನಪ್ಪಾ? ಅದ್ನ ಓದೋಕೆ ಬೆಂಗ್ಳೂರಿಗೆ ಯಾಕೆ ಹೋಗ್ಬೇಕು? ಓದಿ ಏನ್ಮಾಡ್ತಾಳೆ? ನೀನು ಓದಿದೋನು, ನೀನೇ ಹೇಳು.”

ಯಾಕೆ ಆ ವಿಷಯ ಅಂತ ನಾನು ಹುಡುಗಿಯನ್ನೇ ಕೇಳಿದೆ. ಅವಳು ಮರುಪ್ರಶ್ನೆ ಹಾಕಿದಳು: “ಚನ್ನಗಿರೀಲಿ ಸೂಳೆಕೆರೆ ಇದೆ, ಭದ್ರಾ ಚಾನಲ್ ಇದೆ, ಅಡಿಕೆ ಇದೆ. ಹೊನ್ನಾಳೀಲಿ ಹೊಳೆ ಇದೆ. ಒಂದೇ ಜಿಲ್ಲೆ. ನಮ್ಮ ಹೊಲಕ್ಕೆ ಮಳೆ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಭದ್ರಾ ಮೇಲ್ದಂಡೆ ಅಂತ ನಾನು ಹುಟ್ಟಿದಾಗಿಂದ ಕೇಳ್ತಿದೀನಿ. ಯಾರಿಗೆ ನೀರು ಮೊದಲು ಅಂತ ಯಾರು ತೀರ್ಮಾನ ಮಾಡಿದ್ದು, ಹೆಂಗೆ ಮಾಡಿದ್ದು?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಅಕ್ಕ ಇಲ್ಲೇ ಮೂರನೇ ಸಾಲಿನಲ್ಲಿದ್ದಾಳೆ, ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. ಅಕ್ಕ ಇದೇ ಶಾಲೆಯಲ್ಲಿ ಓದಿದವಳು, ನನಗಿಂತ ಜಾಣೆ. ಪಿಯುಸಿ ಮುಗಿಸಿ 2005ರಲ್ಲಿ ಹೊನ್ನಾಳಿಯಲ್ಲಿ ಬಿ.ಎ. ಸೇರಿದಳು. ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಆಗಿನ್ನೂ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿ. ದಾವಣಗೆರೆಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ಮೊದಲ ವರ್ಷ ಚೆನ್ನಾಗಿ ಪಾಸಾದಳು. ಮರುವರ್ಷ ನಾನು ಎಸ್‌ಎಸ್‌ಎಲ್‌ಸಿ ಮುಗಿಸಿದೆ. ನನ್ನನ್ನು ದಾವಣಗೆರೆಯಲ್ಲಿ ಸೈನ್ಸ್‌ಗೆ, ಹಾಸ್ಟೆಲಿಗೆ ಸೇರಿಸಬೇಕಾಯಿತು. ಅದೇ ವರ್ಷ ಮೆಕ್ಕೆಜೋಳ ಕೈಕೊಟ್ಟಿತ್ತು. ಅಪ್ಪಾಜಿ ಅಕ್ಕನಿಗೆ, “ನೀನು ಮನೇಲೇ ಓದ್ಕಳವ್ವ, ಪರೀಕ್ಷೆ ಕಟ್ಟಿದ್ರಾತು” ಅಂದರು. ಪರೀಕ್ಷೆ ಯಾರೂ ಕಟ್ಟಲಿಲ್ಲ. ಅಷ್ಟರಲ್ಲಿ ಸಂಬಂಧ ಬಂತು. ಈಗ ಲೆಕ್ಕ ಹಾಕಿದರೆ, ಬಸ್ ಪಾಸ್ ಸೇರಿ ಅವಳ ಇಡೀ ವರ್ಷದ ಓದಿಗೆ ಆಗುತ್ತಿದ್ದುದು ನನ್ನ ಹಾಸ್ಟೆಲಿನ ಎರಡು ತಿಂಗಳ ಖರ್ಚಿನಷ್ಟು. ದುಡ್ಡೊಂದೇ ಕಾರಣ ಆಗಿರಲಿಲ್ಲ. ಬಿ.ಎ.ಯಿಂದ ಏನಾಗುತ್ತದೆ ಎಂಬ ಮಾತು ಮನೆಯಲ್ಲಿ ಮೊದಲೇ ಇತ್ತು. ಹದಿನಾರು ವರ್ಷದ ನಾನೂ ತಲೆ ಅಲ್ಲಾಡಿಸಿದ್ದೆ. ಹಾಗಾಗಿ ಭಾವ “ನೀನೇ ಹೇಳು” ಅಂದಾಗ ಬಾಯಿಗೆ ಬಂದದ್ದನ್ನು ಹೇಳಲು ಧೈರ್ಯ ಬರಲಿಲ್ಲ. ಒಂದು ತಿಂಗಳು ಟೈಮ್ ಕೊಡ್ರಿ ಅಂದೆ.

ಆ ತಿಂಗಳಲ್ಲಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಭಾವನ ಪ್ರಶ್ನೆ. ಅವರು ಹೇಳಿದ್ದು ಅರ್ಧ ಸರಿ. ಲಿಬರಲ್ ಆರ್ಟ್ಸ್ ಅಂದರೆ ಬಿ.ಎ.ನೇ. ವಿಷಯಗಳ ನಡುವೆ ಬೇಲಿ ಕಡಿಮೆ. ಅರ್ಥಶಾಸ್ತ್ರದ ಜೊತೆ ಪರಿಸರ, ಗಣಿತ, ತತ್ತ್ವಶಾಸ್ತ್ರ ಓದಬಹುದು. ತರಗತಿ ಚಿಕ್ಕದು, ಬರವಣಿಗೆ ಜಾಸ್ತಿ. ಇದೇನು ನಮ್ಮ ನಾಡಿಗೆ ಹೊಸದಲ್ಲ. ಕುವೆಂಪು ಓದಿದ್ದೂ ಪಾಠ ಹೇಳಿದ್ದೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಎಂ.ಎನ್. ಶ್ರೀನಿವಾಸ್ ಓದಿದ್ದೂ ಮೈಸೂರಿನಲ್ಲೇ. ಅವರು ಆಮೇಲೆ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೂತು ಜಾತಿ, ಜಮೀನು, ಜಗಳ ಎಲ್ಲವನ್ನೂ ನೋಡಿ ಬರೆದರು. ಚುನಾವಣೆ ಬಂದಾಗ ಟಿವಿಯವರು ‘ಪ್ರಬಲ ಜಾತಿ’ ಅನ್ನುತ್ತಾರಲ್ಲ, ಆ ಮಾತನ್ನು ಬಳಕೆಗೆ ತಂದವರು ಅವರೇ. ನಮ್ಮ ಸರ್ಕಾರ 2021–22ರಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ಎಲ್ಲ ಪದವಿ ಕಾಲೇಜುಗಳಲ್ಲೂ ಇಂಥದ್ದೇ ಬೆರಕೆ ಓದನ್ನು, ನಾಲ್ಕನೇ ವರ್ಷದ ಆನರ್ಸ್ ಅವಕಾಶವನ್ನು ತಂದಿತು. 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸಿಕ್ಕಿಕೊಂಡ ಮಕ್ಕಳ ಗೋಳು ಇಲ್ಲಿರುವ ಉಪನ್ಯಾಸಕರಿಗೆ ಚೆನ್ನಾಗಿ ಗೊತ್ತು.

ಇನ್ನು ಖರ್ಚು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವರ್ಷಕ್ಕೆ ಕೆಲವೇ ಸಾವಿರ. ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಸೀಟಿಗೇ ಈಗ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಹಾಸ್ಟೆಲ್, ಲ್ಯಾಪ್‌ಟಾಪ್, ಓಡಾಟ ಸೇರಿದರೆ ನಾಲ್ಕು ವರ್ಷಕ್ಕೆ ಏಳೆಂಟು ಲಕ್ಷ. ಮ್ಯಾನೇಜ್‌ಮೆಂಟ್ ಸೀಟಾದರೆ ಚನ್ನಗಿರಿಯ ತೋಟದವರು ಕೊಟ್ಟಾರು, ಜಗಳೂರಿನವರಿಗೆ ಆಗದ ಮಾತು. ಲಿಬರಲ್ ಆರ್ಟ್ಸ್ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಹರಿಯಾಣದ ಸೋನಿಪತ್‌ನಲ್ಲಿ 2014ರಲ್ಲಿ ಶುರುವಾದ ಅಶೋಕ ವಿಶ್ವವಿದ್ಯಾಲಯದಲ್ಲಿ ಊಟ ವಸತಿ ಸೇರಿ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಬೆಂಗಳೂರಿನ ಸರ್ಜಾಪುರದ ಕಡೆ ಇರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರಲ್ಲಿ ಶುರುವಾಗಿ 2015ರಿಂದ ಪದವಿ ತರಗತಿ ನಡೆಸುತ್ತಿದೆ. ಅಲ್ಲಿಯೂ ಪಟ್ಟಿಯಲ್ಲಿ ಲಕ್ಷಗಳೇ. ಆದರೆ ಅದರ ಕೆಳಗೆ ಇನ್ನೊಂದು ಸಾಲಿದೆ: ಮನೆಯ ಆದಾಯ ನೋಡಿ ಶುಲ್ಕ, ವಸತಿ, ಊಟದಲ್ಲಿ ವಿನಾಯಿತಿ ಕೊಡುತ್ತಾರೆ, ತೀರಾ ಕಡಿಮೆ ಆದಾಯವಾದರೆ ಪೂರ್ತಿ.

ಈ ಎರಡನೇ ಸಾಲನ್ನು ನಮ್ಮವರು ಓದುವುದೇ ಇಲ್ಲ. ಮೊದಲ ಸಾಲು ಓದಿ ಪುಟ ಮುಚ್ಚುತ್ತಾರೆ. ನಾನೂ ಮುಚ್ಚಿದ್ದೆ, ಹುಡುಗಿಯೇ ಮತ್ತೆ ತೆಗೆಸಿದಳು.

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಪರಿನಲ್ಲಿ ರಾಶಿ ಅಡಿಕೆಗೆ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಬರುತ್ತವೆ. ಗರಿಷ್ಠ ದರ ನೋಡಿ ಸಾಲ ಮಾಡುವವನನ್ನು ಯಾರೂ ಜಾಣ ಅನ್ನುವುದಿಲ್ಲ. ಬಹಳಷ್ಟು ಮಾಲು ಹೋದ ಮಾದರಿ ದರ ಕೇಳುತ್ತೇವೆ. ಕಾಲೇಜಿನ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಗರಿಷ್ಠ ದರಕ್ಕೇ ಬೀಳುತ್ತೇವೆ. ಇಂಜಿನಿಯರಿಂಗ್ ಕಾಲೇಜಿನ ಫ್ಲೆಕ್ಸಿನಲ್ಲಿ ‘ವಾರ್ಷಿಕ 40 ಲಕ್ಷ’ ಅಂತ ಒಬ್ಬ ಹುಡುಗನ ಫೋಟೋ ಇರುತ್ತದೆ. ಉಳಿದ ನೂರಾರು ಮಕ್ಕಳಿಗೆ ಎಷ್ಟು ಸಿಕ್ಕಿತು ಅಂತ ಕೇಳಿ. ನಾನು 2012ರಲ್ಲಿ ಬಿ.ಇ. ಮುಗಿಸಿದಾಗ ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುತ್ತಿದ್ದುದು ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ. ಹತ್ತು ವರ್ಷದ ಮೇಲೂ ಅದೇ ಸಾಲಿನ ಹೊಸಬರಿಗೆ ಮೂರೂವರೆಯ ಆಸುಪಾಸು. ಶುಲ್ಕ ಮಾತ್ರ ಎಲ್ಲಿಂದೆಲ್ಲಿಗೋ ಹೋಗಿದೆ. ನನ್ನ ಮಟ್ಟಿಗೆ ಬಿ.ಇ. ಒಳ್ಳೆಯದನ್ನೇ ಮಾಡಿತು, ಈ ಮಾತು ಮುಚ್ಚಿಡುವುದಿಲ್ಲ. ಮನೆ ಕಟ್ಟಿದೆ, ಅಪ್ಪಾಜಿಯ ಸಾಲ ತೀರಿಸಿದೆ. ಆದರೆ ನನ್ನ ಜೊತೆ ಸೇರಿದವರಲ್ಲಿ ಬ್ಯಾಕ್ ಉಳಿಸಿಕೊಂಡು ಊರಿಗೂ ಬರಲಾರದೆ ನಿಂತವರೂ ಇದ್ದಾರೆ. ಅವರ ಫೋಟೋ ಫ್ಲೆಕ್ಸಿಗೆ ಬರಲಿಲ್ಲ.

ಬಿ.ಎ.ಗೆ ಕೆಲಸದ ದಾರಿಗಳು ಇವೆ. ಎಲ್ಲವೂ ಸುತ್ತು ದಾರಿ. ಬಿ.ಇಡಿ. ಮಾಡಿ ಶಿಕ್ಷಕರ ನೇಮಕಾತಿ, ಎಫ್‌ಡಿಎ, ಪಿಡಿಒ, ಕೆಎಎಸ್, ಬ್ಯಾಂಕ್ ಪರೀಕ್ಷೆ, ಮೂರು ವರ್ಷದ ಕಾನೂನು, ಎಂ.ಎ. ಮಾಡಿ ನೆಟ್ ಅಥವಾ ಕೆ–ಸೆಟ್. ಎಲ್ಲಕ್ಕೂ ಪದವಿಯ ಮೇಲೆ ಎರಡು ಮೂರು ವರ್ಷ ಮನೆಯವರು ತಾಳಿಕೊಳ್ಳಬೇಕು, ಅಧಿಸೂಚನೆ ಯಾವಾಗ ಬರುತ್ತದೋ ಕಾಯಬೇಕು. ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯುತ್ತಿರುವ ನನ್ನ ಸಹಪಾಠಿಗಳು ಈ ಸಭೆಯಲ್ಲೇ ಇದ್ದಾರೆ. ಅವರ ಮುಂದೆ ನಿಂತು ಬಿ.ಎ. ಹೂವಿನ ಹಾದಿ ಅಂದರೆ ಅವರೇ ಎದ್ದು ಮೈಕ್ ಕಿತ್ತುಕೊಂಡಾರು.

ಹಾಗಾದರೆ ಆ ಓದಿಗೆ ಬೆಲೆಯೇ ಇಲ್ಲವೇ? ನನ್ನ ಕೆಲಸದಲ್ಲಿ ನಡೆದದ್ದು ಹೇಳುತ್ತೇನೆ. ಒಮ್ಮೆ ನಮ್ಮ ತಂಡ ಸಣ್ಣ ಸಾಲ ಕೊಡುವ ಮೊಬೈಲ್ ಆಪ್ ಮಾಡುತ್ತಿತ್ತು. ಅರ್ಜಿಯಲ್ಲಿ ‘ತಿಂಗಳ ಆದಾಯ’ ಅಂತ ಒಂದು ಅಂಕಣ, ತುಂಬದೆ ಮುಂದೆ ಹೋಗುವಂತಿಲ್ಲ. ಆ ಕೋಡ್ ಬರೆದವನು ನಾನೇ. ಹಳ್ಳಿಗಳಿಂದ ಅರ್ಜಿಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ನಾವು ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಎರಡು ವಾರ ಸರ್ವರ್ ತಡಕಿದೆವು. ತಂಡದಲ್ಲಿ ಮಾನವಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳಿದ್ದರು. ಅವರು ಜನರ ಜೊತೆ ಕೂತು ಮಾತಾಡಿ ಬಂದು, “ರೈತರಿಗೆ ತಿಂಗಳ ಆದಾಯ ಎಲ್ಲಿರುತ್ತದೆ? ಸುಗ್ಗಿಗೆ ಬರುವುದಲ್ಲವೇ?” ಅಂದರು. ರೈತನ ಮಗ ನಾನು, ನನಗೆ ಹೊಳೆದಿರಲಿಲ್ಲ. ಅವರು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅವರ ಸಂಬಳ ಆಗ ನನ್ನದಕ್ಕಿಂತ ಕಡಿಮೆ ಇರಲಿಲ್ಲ. ಆದರೆ ಮೊದಲ ಕೆಲಸ ಸಿಗಲು ಅವರಿಗೆ ಎರಡು ವರ್ಷ ಹಿಡಿಯಿತಂತೆ. ನನಗೆ ಕಾಲೇಜಿನಲ್ಲೇ ಸಿಕ್ಕಿತ್ತು. ಆ ಎರಡು ವರ್ಷ ಅವರ ಮನೆಯವರು ತಡೆದುಕೊಂಡರು. ನಮ್ಮ ಭಾವನ ಕೈಯಲ್ಲಿ ತಡೆಯಲು ಆಗುತ್ತದೆಯೇ? ನಿಜವಾದ ಪ್ರಶ್ನೆ ಅದು.

ಕೊನೆಗೆ ಭಾವನಿಗೆ ನಾನು ಹೇಳಿದ್ದು ಇಷ್ಟು. ವಿನಾಯಿತಿ ಪೂರ್ತಿ ಸಿಕ್ಕರೆ, ಇಲ್ಲವೇ ವರ್ಷಕ್ಕೆ ಐವತ್ತು ಸಾವಿರದೊಳಗೆ ನಿಂತರೆ ಕಳಿಸೋಣ, ಬಿ.ಇ.ಗಿಂತ ಅದೇ ಅಗ್ಗ. ವಿನಾಯಿತಿ ಸಿಗದಿದ್ದರೆ ಸಾಲ ಮಾಡಿ ಮಾತ್ರ ಬೇಡ. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ ನಿಜ. ಆದರೆ ಸುತ್ತು ದಾರಿಯ ಓದಿಗೆ ಸಾಲದ ಕಂತು ಕಾಯುವುದಿಲ್ಲ. ಆಗ ಜಗಳೂರಿನ ಸರ್ಕಾರಿ ಕಾಲೇಜಿನಲ್ಲೇ ಬಿ.ಎ. ಸೇರಲಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ ಇದೆ. 2025ರಿಂದ ನಮ್ಮ ರಾಜ್ಯಕ್ಕೂ ಬಂದಿದೆ. ಈ ಸಭೆಯಲ್ಲಿರುವ ಹೆಣ್ಣುಮಕ್ಕಳ ತಂದೆತಾಯಿ ಇದನ್ನು ಗುರುತು ಹಾಕಿಕೊಳ್ಳಬೇಕು. ನಮ್ಮ ಅಕ್ಕನ ಕಾಲಕ್ಕೆ ಇದು ಇದ್ದಿದ್ದರೆ ಅಪ್ಪಾಜಿಯ ಹತ್ತಿರ ದುಡ್ಡಿನ ನೆಪ ಉಳಿಯುತ್ತಿರಲಿಲ್ಲ.

ಭಾವ ಸುಮ್ಮನಿದ್ದರು. ಆಮೇಲೆ, “ಇಂಗ್ಲಿಷ್?” ಅಂದರು. ಅದು ನನಗೂ ಅಂಜಿಕೆಯೇ. ಇಂಥ ಕಾಲೇಜುಗಳಲ್ಲಿ ವಾರಕ್ಕೆ ನೂರಿನ್ನೂರು ಪುಟ ಇಂಗ್ಲಿಷ್ ಓದಿಸುತ್ತಾರೆ. ಪಕ್ಕದಲ್ಲಿ ಕೂತವರು ನಗರದ ದುಬಾರಿ ಶಾಲೆಯಿಂದ ಬಂದವರು. ನಾನು ಬಿ.ಇ. ಮೊದಲ ಸೆಮಿಸ್ಟರಿನಲ್ಲಿ ಬಾಯಿ ಬಿಡದೆ ಕಳೆದವನು; ಆದರೂ ಲೆಕ್ಕ ನನ್ನ ಕೈ ಹಿಡಿಯಿತು. ಇವಳಿಗೆ ಓದುವುದೂ ಬರೆಯುವುದೂ ಎಲ್ಲ ಆ ಭಾಷೆಯಲ್ಲೇ. ಕಾಲೇಜಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಕನ್ನಡ ಮಾಧ್ಯಮದಿಂದ ಬಂದವರು ಎಷ್ಟು ಜನ ಇದ್ದಾರೆ, ಅವರಲ್ಲಿ ನಡುವೆ ಬಿಟ್ಟವರೆಷ್ಟು, ಮೂರು ವರ್ಷದ ಹಿಂದೆ ಮುಗಿಸಿದವರು ಈಗ ಎಲ್ಲಿ ಏನು ಮಾಡುತ್ತಿದ್ದಾರೆ. ಮೊದಲೆರಡಕ್ಕೆ ಸರಿಯಾದ ಉತ್ತರ ಬಂತು. ಮೂರನೆಯದಕ್ಕೆ ಒಬ್ಬಿಬ್ಬರ ಹೆಸರು ಹೇಳಿದರು. ಅದು ಗರಿಷ್ಠ ದರ, ಮಾದರಿ ದರ ಹೇಳಿ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆಮೇಲೆ ಬಿಡಿಸಿ ಹೇಳಿದೆ.

ಅರ್ಜಿ ಹಾಕಿದ್ದೇವೆ. ಪ್ರವೇಶ ಪರೀಕ್ಷೆ ಬರೆದಿದ್ದಾಳೆ, ಸಂದರ್ಶನದ ಕರೆ ಇನ್ನೂ ಬಂದಿಲ್ಲ. ಅರ್ಜಿ ತುಂಬಿದ್ದು ಅಕ್ಕನ ಮನೆಯ ಜಗುಲಿಯ ಮೇಲೆ, ನನ್ನ ಲ್ಯಾಪ್‌ಟಾಪಿನಲ್ಲಿ. ‘ತಾಯಿಯ ವಿದ್ಯಾಭ್ಯಾಸ’ ಅಂತ ಒಂದು ಅಂಕಣ ಬಂತು. ಹುಡುಗಿ ‘ಪಿಯುಸಿ’ ಒತ್ತಲು ಹೋದಳು. ಒಳಗಿನಿಂದ ಅಕ್ಕ, “ಬಿಎ ಫಸ್ಟ್ ಇಯರ್ ಪಾಸು ಅಂತ ಹಾಕೇ” ಅಂದಳು. ಆ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ. ಪಿಯುಸಿ, ಇಲ್ಲದಿದ್ದರೆ ಪದವಿ. ನಾನೇ ಇಂಥ ನೂರು ಪಟ್ಟಿ ಮಾಡಿದವನು, ಅದನ್ನು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಕಾಫಿ ತಂದಿಟ್ಟು, ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಎಷ್ಟು ಫೀಸಾಗುತ್ತದೆ ಅಂತ ಕೇಳಿದಳು. ಮಗಳಿಗೋ ಅಂದೆ. ಅಲ್ಲ ಅಂದಳು. ಮೈಸೂರಿನಿಂದ ವಿವರ ತರಿಸುತ್ತಿದ್ದೇನೆ.

ಗುರುಗಳು ಗಡಿಯಾರ ನೋಡುತ್ತಿದ್ದಾರೆ. ಮಧ್ಯಾಹ್ನದ ಊಟ ಆದ ಮೇಲೆ ಹೊಂಗೆ ಮರದ ಕೆಳಗೆ ಕೂತಿರುತ್ತೇನೆ. ಹತ್ತನೇ ಕ್ಲಾಸಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು ಬನ್ನಿ. ಯಾವ ಕಾಲೇಜಿನ ಶುಲ್ಕ ಪಟ್ಟಿ ಇದ್ದರೂ ತನ್ನಿ, ಎರಡನೇ ಸಾಲನ್ನು ಒಟ್ಟಿಗೆ ಓದೋಣ.