ಗೆರೆ ಎಳೆಯುವುದೂ ಗೋಡೆ ಕಟ್ಟುವುದೂ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ನಿಮ್ಮ ವೃತ್ತಿಯಲ್ಲಿ ಕಂಪ್ಯೂಟರ್’ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿ ಎಂದಿದ್ದಾರೆ. ಕಂಪ್ಯೂಟರಿಗೆ ಬರುವ ಮೊದಲು ಬ್ಲೇಡಿನಿಂದ ಶುರು ಮಾಡುತ್ತೇನೆ.

ಮೂವತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಮದುವೆಯಾಗಿ ಮುಂಬಯಿಗೆ ಬಂದು, ದಾದರಿನ ಆರ್ಕಿಟೆಕ್ಟ್ ಒಬ್ಬರ ಕಚೇರಿ ಸೇರಿದೆ. ಆಗ ಡ್ರಾಯಿಂಗ್ ಬೋರ್ಡು, ಟ್ರೇಸಿಂಗ್ ಪೇಪರು, ರೋಟ್ರಿಂಗ್ ಪೆನ್ನು. ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಶಾಯಿಯನ್ನು ಮೆಲ್ಲಗೆ ಹೆರೆಯಬೇಕು. ಸ್ವಲ್ಪ ಜೋರಾದರೆ ಹಾಳೆ ತೂತು, ಮೂರು ದಿನದ ಕೆಲಸ ಹಾಳು. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಸುಕ್ಕಾಗುತ್ತಿತ್ತು. ಸಂಜೆ ಲೋಕಲ್ ಟ್ರೇನಿನಲ್ಲಿ ನನ್ನ ಬೆರಳಿನ ಮಸಿ ನೋಡಿ, ಪಕ್ಕದವರು ‘ಪ್ರೆಸ್ಸಿನಲ್ಲಿ ಕೆಲಸವಾ?’ ಎಂದು ಕೇಳಿದ್ದುಂಟು.

ಆಟೋಕ್ಯಾಡ್ ಎಂಬ ಸಾಫ್ಟ್‌ವೇರ್ ಅಮೆರಿಕದಲ್ಲಿ 1982ರಲ್ಲೇ ಬಂದಿತ್ತು. ನಮ್ಮ ಕಚೇರಿಗೆ ಅದು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಬ್ಲೇಡು ಹೋಯಿತು, ‘ಅನ್‌ಡೂ’ ಬಂತು. ಒಂದು ಮಹಡಿ ಬರೆದು ಉಳಿದ ಆರನ್ನು ಕಾಪಿ ಮಾಡಬಹುದು. ನಮಗೆಲ್ಲ ಹಬ್ಬ. ಆದರೆ ಒಂದು ಮಾತು ನನಗೆ ಬಹಳ ತಡವಾಗಿ ಹೊಳೆಯಿತು: ಆಟೋಕ್ಯಾಡ್‌ನಲ್ಲಿ ನಾವು ಮಾಡುತ್ತಿದ್ದುದು ಬೋರ್ಡಿನ ಮೇಲಿನ ಕೆಲಸವನ್ನೇ, ಬೇಗ ಬೇಗ. ಗೋಡೆ ಎಂದರೆ ಎರಡು ಗೆರೆ. ಅವು ಗೋಡೆ ಎಂಬುದು ನನಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಮನೆಯವರ ಹೊರತು ಹೆಚ್ಚು ಜನರಿಗೆ ಹೇಳಿದ್ದಿಲ್ಲ.

2008ರಲ್ಲಿ ಡೊಂಬಿವಿಲಿಯಲ್ಲಿ ಒಂದು ಏಳು ಮಹಡಿಯ ಕಟ್ಟಡ. ಕೆಲಸ ಶುರುವಾದ ಮೇಲೆ ಬಿಲ್ಡರು ‘ಮುಂದುಗಡೆ ಒಂದು ಅಂಗಡಿ ಹೆಚ್ಚು ಬೇಕು, ಲಿಫ್ಟಿಗೆ ಹೋಗುವ ದಾರಿಯನ್ನು ಹಿಂದಕ್ಕೆ ಹಾಕಿ’ ಎಂದರು. ನಾನು ಪ್ಲ್ಯಾನ್ ಬದಲಿಸಿದೆ. ಹೊಸ ದಾರಿ ಮೆಟ್ಟಿಲಿನ ಮಧ್ಯದ ಲ್ಯಾಂಡಿಂಗಿನ ಅಡಿಯಲ್ಲಿ ಹಾದು ಹೋಗುತ್ತಿತ್ತು. ಪ್ಲ್ಯಾನ್ ಎಂದರೆ ಮೇಲಿನಿಂದ ನೋಡಿದ ಚಿತ್ರ, ಅದರಲ್ಲಿ ಅಗಲ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಎತ್ತರ ಕಾಣುವುದು ಸೆಕ್ಷನ್‌ನಲ್ಲಿ, ಅಂದರೆ ಹಲಸಿನಹಣ್ಣನ್ನು ಉದ್ದಕ್ಕೆ ಸೀಳಿದ ಹಾಗೆ ಕಟ್ಟಡವನ್ನು ಸೀಳಿ ತೋರಿಸುವ ಚಿತ್ರದಲ್ಲಿ. ಆಟೋಕ್ಯಾಡ್‌ನಲ್ಲಿ ಅದು ಬೇರೆಯೇ ಹಾಳೆ. ಪ್ಲ್ಯಾನ್ ತಿದ್ದಿದರೆ ಸೆಕ್ಷನ್ ತಾನಾಗಿ ಬದಲಾಗದು. ಮಗನಿಗೆ ಆ ವಾರ ಜ್ವರ. ಆಮೇಲೆ ತಿದ್ದೋಣ ಎಂದುಕೊಂಡೆ, ಮರೆತೆ. ಲ್ಯಾಂಡಿಂಗಿನ ಕೆಳಗೆ ತೊಲೆ ಇದ್ದದ್ದು ಸ್ಟ್ರಕ್ಚರಲ್ ಇಂಜಿನಿಯರರ ಹಾಳೆಯಲ್ಲಿ, ಅದು ಮೂರನೆಯ ಹಾಳೆ.

ಸೆಂಟ್ರಿಂಗ್ ಬಿಚ್ಚಿದ ಮೇಲೆ ಸೂಪರ್‌ವೈಸರ್ ಫೋನ್ ಮಾಡಿದರು: ‘ಮೇಡಂ, ಇಲ್ಲಿ ನನ್ನ ತಲೆ ಹೊಡೆಯುತ್ತಿದೆ.’ ಟೇಪು ಹಿಡಿದರೆ ತೊಲೆಯ ಕೆಳಗೆ ಐದು ಅಡಿ ಹತ್ತು ಇಂಚು. ತೊಲೆ ಒಡೆಯುವ ಹಾಗಿಲ್ಲ. ಕೊನೆಗೆ ನೆಲವನ್ನೇ ಹದಿನಾಲ್ಕು ಇಂಚು ತಗ್ಗಿಸಿ, ಈ ಕಡೆ ಎರಡು ಮೆಟ್ಟಿಲು, ಆ ಕಡೆ ಎರಡು ಮೆಟ್ಟಿಲು ಮಾಡಿದೆವು. ಎತ್ತರವೇನೋ ಏಳು ಅಡಿ ಬಂತು. ಆದರೆ ಜುಲೈ ತಿಂಗಳಲ್ಲಿ ಆ ತಗ್ಗಿನಲ್ಲಿ ನೀರು. ನಾಲ್ಕನೇ ಮಹಡಿಯ ಅಜ್ಜಿಯೊಬ್ಬರಿಗೆ ಗಾಲಿಕುರ್ಚಿ ಬಂದ ಮೇಲೆ, ಮನೆಯಲ್ಲಿ ಲಿಫ್ಟ್ ಇದ್ದೂ ಇಬ್ಬರು ಎತ್ತಿ ದಾಟಿಸಬೇಕಾಯಿತು.

ಈಗ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ನಮ್ಮ ಬಾಯಲ್ಲಿ ‘ಬಿಮ್’. ಕಲ್ಪನೆ ಹೊಸದಲ್ಲ. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದಲ್ಲೇ ಇದನ್ನು ಬರೆದಿದ್ದರು. ನಾನು ಬಳಸುವ ರೆವಿಟ್ 2000ದಲ್ಲಿ ಬಂದದ್ದು. 2002ರಲ್ಲಿ ಆಟೋಕ್ಯಾಡ್ ಕಂಪನಿಯೇ ಅದನ್ನು ಕೊಂಡುಕೊಂಡಿತು. ಬ್ರಿಟನ್ ಸರ್ಕಾರ 2016ರಿಂದ ತನ್ನ ಕಟ್ಟಡಗಳಿಗೆ ಬಿಮ್ ಕಡ್ಡಾಯ ಮಾಡಿತು.

ನಾನು ಕಲಿತದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಕಚೇರಿಯ ಇಪ್ಪತ್ತನಾಲ್ಕರ ಹುಡುಗಿಯಿಂದ. ಮೊದಲ ದಿನವೇ ಅವಳು ಮರಾಠಿಯಲ್ಲಿ ಗದರಿಸಿದಳು: ‘ಮೇಡಂ, ಗೆರೆ ಎಳೆಯಬೇಡಿ, ಗೋಡೆ ಕಟ್ಟಿ!’ ಅಷ್ಟರಲ್ಲಿ ಎಲ್ಲ ಬಂತು. ಇಲ್ಲಿ ಗೋಡೆಗೆ ದಪ್ಪ, ಎತ್ತರ, ಇಟ್ಟಿಗೆ, ಗಿಲಾಯಿ ಎಲ್ಲ ಇರುತ್ತದೆ. ಒಂದೇ ಮಾದರಿ ಕಟ್ಟಡ, ಪ್ಲ್ಯಾನ್ ಸೆಕ್ಷನ್ ಎರಡೂ ಅದನ್ನೇ ಬೇರೆ ಬೇರೆ ಕಡೆಯಿಂದ ನೋಡಿದ ನೋಟ. ಕಿಟಕಿಯನ್ನು ಒಂದು ಕಡೆ ಸರಿಸಿದರೆ ಎಲ್ಲ ಹಾಳೆಯಲ್ಲೂ ಸರಿಯುತ್ತದೆ, ಕಿಟಕಿಗಳ ಪಟ್ಟಿಯಲ್ಲೂ ಲೆಕ್ಕ ಬದಲಾಗುತ್ತದೆ. ಪೈಪು ತೊಲೆಯೊಳಗೆ ನುಗ್ಗಿದ್ದರೆ ಹುಡುಕಿ ತೋರಿಸುತ್ತದೆ.

ಹಾಗಾದರೆ ಬಿಮ್ ಇದ್ದಿದ್ದರೆ ನನ್ನ ತಪ್ಪು ಆಗುತ್ತಿರಲಿಲ್ಲವೇ? ಹೌದು ಎನ್ನಲು ಮನಸ್ಸಾಗುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಸೆಕ್ಷನ್ ತಾನಾಗಿ ಬದಲಾಗುತ್ತಿತ್ತು, ಸರಿ. ಅದನ್ನು ತೆರೆದು ನೋಡಬೇಕಾದವಳು ನಾನೇ. ತೊಲೆಗೂ ಖಾಲಿ ಜಾಗಕ್ಕೂ ಡಿಕ್ಕಿ ಇಲ್ಲ, ಇಲ್ಲಿ ಇಷ್ಟು ಎತ್ತರ ಬಿಡಬೇಕು ಎಂದು ಮೊದಲೇ ಹೇಳಿರದಿದ್ದರೆ ಕಂಪ್ಯೂಟರ್ ಸುಮ್ಮನಿರುತ್ತದೆ. ಇಂಜಿನಿಯರರು ಇನ್ನೂ ಆಟೋಕ್ಯಾಡ್‌ನಲ್ಲೇ ಇದ್ದರೆ ಅವರ ತೊಲೆ ನಮ್ಮ ಮಾದರಿಗೆ ಬರುವುದೇ ಇಲ್ಲ. ಸಣ್ಣ ಕಚೇರಿಗಳಲ್ಲಿ ಇಂದಿಗೂ ಹೀಗೇ ಇದೆ. ಇನ್ನೊಂದು: ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದುತ್ತದೆ ಎಂದರೆ, ಒಂದು ಕಡೆ ಕೆಡಿಸಿದರೂ ಎಲ್ಲ ಕಡೆ ಕೆಡುತ್ತದೆ! ಒಮ್ಮೆ ಒಂದೇ ಬಾಗಿಲು ಬದಲಿಸಲು ಹೋಗಿ ಹದಿನಾಲ್ಕು ಮಹಡಿಯ ಬಚ್ಚಲಬಾಗಿಲುಗಳನ್ನೆಲ್ಲ ಕಿರಿದು ಮಾಡಿಟ್ಟಿದ್ದೆ. ಲೈಸೆನ್ಸಿನ ಹಣ ವರ್ಷವರ್ಷವೂ ಕಟ್ಟಬೇಕು. ಒಂದು ಅಡುಗೆಮನೆ ರಿಪೇರಿಗೆ ನಾನು ಈಗಲೂ ಆಟೋಕ್ಯಾಡನ್ನೇ ತೆರೆಯುತ್ತೇನೆ.

ನಿಮ್ಮಲ್ಲಿ ಹಲವರ ಸೊಸೈಟಿಗಳು ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಬಿಲ್ಡರು ಸಭೆಗೆ ಬಂದು ಬಣ್ಣಬಣ್ಣದ ತ್ರೀಡಿ ವಿಡಿಯೋ ತೋರಿಸುತ್ತಾರೆ. ಅದು ಬಿಮ್ ಆಗಿರಲೇಬೇಕೆಂದಿಲ್ಲ, ಬರೀ ಚಿತ್ರವೂ ಆಗಿರಬಹುದು. ‘ಇದೇ ಮಾದರಿಯಿಂದ ನಮ್ಮ ಫ್ಲ್ಯಾಟಿನ ಸೆಕ್ಷನ್ ತೆಗೆದು ಕೊಡಿ, ತೊಲೆಯ ಕೆಳಗೆ ಎಷ್ಟು ಅಡಿ ಎಂದು ಬರೆದಿರಲಿ’ ಎಂದು ಕೇಳಿ. ಕಾರ್ಪೆಟ್ ಏರಿಯಾವನ್ನೂ ಕೇಳಿ. 2016ರ ರೇರಾ ಕಾನೂನಿನ ಪ್ರಕಾರ ಅದರಲ್ಲಿ ಒಳಗಿನ ಅಡ್ಡಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಇಂಥದನ್ನು ಕೇಳುವುದು ಗಂಡಸರ ಕೆಲಸ ಎಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತುಬಿಡಬೇಡಿ. ಆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ನೀವು.

ಡೊಂಬಿವಿಲಿಯ ಆ ಮೆಟ್ಟಿಲುಗಳ ಮೇಲೆ ಈಗ ಕಬ್ಬಿಣದ ಇಳಿಜಾರು ಹಲಗೆ ಹಾಕಿಸಿದ್ದೇನೆ, ನನ್ನ ಖರ್ಚಿನಲ್ಲಿ. ಅಜ್ಜಿ ಹೋಗಿ ಎರಡು ವರ್ಷವಾಗಿತ್ತು.

ಇಬ್ಬರು ತಮ್ಮ ಸೊಸೈಟಿಯ ಪ್ಲ್ಯಾನ್ ತಂದಿದ್ದಾರೆಂದು ತಿಳಿಯಿತು. ಚಹಾದ ಹೊತ್ತಿಗೆ ಒಟ್ಟಿಗೆ ನೋಡೋಣ.