ಒಬ್ಬರ ದೂರು, ಎಲ್ಲರ ತೀರ್ಪು



ಹೊರನಾಡಿನಲ್ಲಿ ದುಡಿದು ಬೆಂಗಳೂರಿನಲ್ಲೊಂದು ಮನೆಗೆ ಹಣ ಕಟ್ಟಿದವರು ನಮ್ಮಲ್ಲಿ ಹಲವರಿದ್ದಾರೆ. ಮನೆ ಸಕಾಲಕ್ಕೆ ಕೈಸೇರದಿದ್ದರೆ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಹೋರಾಡಬೇಕೆಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಂತೆ, ಸಮಾನ ಹಿತಾಸಕ್ತಿಯುಳ್ಳ ಅನೇಕರ ಪರವಾಗಿ ಒಬ್ಬರೇ ಆಯೋಗದ ಅನುಮತಿ ಪಡೆದು ದೂರು ಸಲ್ಲಿಸಬಹುದು. ಇದೇ ಪ್ರಾತಿನಿಧಿಕ ದಾವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮವೇ ಇದರ ಬೇರು.

ಆದರೆ ‘ಸಮಾನ’ ಎಂಬ ಮಾತು ಹಗುರವಲ್ಲ. ಬೆಂಗಳೂರಿನ ವಸತಿ ಸಂಕೀರ್ಣವೊಂದರಲ್ಲಿ 51 ಮನೆಗಳನ್ನು ಕೊಂಡ 91 ಮಂದಿ, 1134 ಮನೆಗಳವರೆಲ್ಲರ ಪರವಾಗಿ ದೂರಿತ್ತರು. ಎಲ್ಲರ ಹಿತವೂ ಒಂದೇ ಎಂಬುದು ದೂರಿನಲ್ಲಿ ನಿರೂಪಿತವಾಗಿಲ್ಲವೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ 91 ಮಂದಿಯ ಜಂಟಿ ದೂರಾಗಿ ಮಾತ್ರ ಮುಂದುವರಿಯಗೊಟ್ಟಿತು.

ಪ್ರಾತಿನಿಧಿಕ ದಾವೆಯ ತೀರ್ಪು ಮೌನವಾಗಿದ್ದವರನ್ನೂ ಬಂಧಿಸುತ್ತದೆ. ಆದ್ದರಿಂದಲೇ ಸಂಬಂಧಪಟ್ಟವರೆಲ್ಲರಿಗೂ ನೋಟೀಸು ತಲುಪಿಸಬೇಕು, ಅದು ಅಸಾಧ್ಯವಾದರೆ ಸಾರ್ವಜನಿಕ ಪ್ರಕಟಣೆ ನೀಡಬೇಕು. ಪ್ರಕಟಣೆ ಕಂಡವರು ತಾವೂ ಪಕ್ಷಗಾರರಾಗಲು ಅರ್ಜಿ ಹಾಕಬಹುದು. ಊರಿನ ಪತ್ರಿಕೆ ನಿತ್ಯ ಕಾಣದ ನಮಗೆ ಅಪಾಯವಿರುವುದು ಇಲ್ಲೇ.

ಆದುದರಿಂದ ನನ್ನ ವಿನಂತಿ ಇಷ್ಟೇ: ಒಂದೇ ಸಂಕೀರ್ಣದಲ್ಲಿ ಮನೆ ಕೊಂಡವರು ಪರಸ್ಪರ ಪರಿಚಯ ಮಾಡಿಕೊಳ್ಳಿ, ಕರಾರುಪತ್ರಗಳನ್ನು ಹೋಲಿಸಿ ನೋಡಿ. ನಮ್ಮ ಹೆಸರಿನಲ್ಲಿ ನಡೆಯುವ ದಾವೆ ನಮಗೆ ತಿಳಿಯದೆ ಮುಗಿಯದಿರಲಿ.