ಮಕ್ಕಳ ಮಾಹಿತಿಯೂ ಅಮಾನತ್ತೇ

ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ



ಸಭೆಯಲ್ಲಿರುವ ಹಿರಿಯರೇ, ದಾನಿಗಳೇ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಂದ ಬಂದಿರುವ ತಂದೆ-ತಾಯಂದಿರೇ, ಪ್ರೀತಿಯ ವಿದ್ಯಾರ್ಥಿಗಳೇ,

ಎಷ್ಟು ಹಣ ಬಂತು, ಎಷ್ಟು ಕೊಟ್ಟೆವು ಎಂಬ ಲೆಕ್ಕ ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ಇಂದು ಇನ್ನೊಂದು ಲೆಕ್ಕದ ಬಗ್ಗೆ ಮಾತನಾಡಲು ಬಯಸುತ್ತೇವೆ. ಒಂದು ಅರ್ಜಿಯ ಜೊತೆ ನಮ್ಮ ಕೈಗೆ ಬರುವುದು ಅಂಕಪಟ್ಟಿ ಮಾತ್ರವಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಮಗಳ ಫೋಟೊ, ಮೊಬೈಲ್ ನಂಬರ್, ತಂದೆಯ ದುಡಿಮೆ, ಮನೆಯಲ್ಲಿರುವ ಕಾಯಿಲೆ, ಸಾಲ ಎಲ್ಲವೂ ಬರುತ್ತದೆ. ನೀವು ನೆಂಟರಿಗೂ ಹೇಳದ ಮಾತನ್ನು ಆ ಅರ್ಜಿಯಲ್ಲಿ ಬರೆಯುತ್ತೀರಿ. ದಾನಿಗಳ ಹಣ ನಮ್ಮ ಬಳಿ ಅಮಾನತ್ತಾಗಿದ್ದರೆ, ಮಕ್ಕಳ ಈ ಮಾಹಿತಿಯೂ ಅಮಾನತ್ತೇ.

ಈ ಮಾಹಿತಿ ಇಂದು ಕಂಪ್ಯೂಟರಿನ ಮೂಲಕವೇ ಓಡಾಡುತ್ತದೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಎರಡೂ ಆನ್‌ಲೈನ್. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಬಡ ಮಕ್ಕಳಿಗೆ ಸ್ವಂತ ಕಂಪ್ಯೂಟರ್ ಎಲ್ಲಿಂದ ಬರಬೇಕು? ಶಾಲೆಯ ಕಂಪ್ಯೂಟರ್ ಕೊಠಡಿ, ಪಂಚಾಯಿತಿ ಗ್ರಂಥಾಲಯ, ಗ್ರಾಮ ಒನ್ ಕೇಂದ್ರ, ಬಸ್ ನಿಲ್ದಾಣದ ಹತ್ತಿರದ ಸೈಬರ್ ಅಂಗಡಿ ಇವೇ ಅವರ ಆಸರೆ. ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಮೊದಲಿನವರು ಲಾಗ್‌ಔಟ್ ಮಾಡದಿದ್ದರೆ ಅವರ ಅರ್ಜಿ ತೆರೆದೇ ಇರುತ್ತದೆ. ಸ್ಕ್ಯಾನ್ ಮಾಡಿದ ಆಧಾರ್, ಪಾಸ್‌ಬುಕ್ ಡೌನ್‌ಲೋಡ್ ಫೋಲ್ಡರಿನಲ್ಲೇ ಉಳಿದಿರುತ್ತವೆ.

ಜೋಯಿಡಾದ ಕಾಡಿನ ನಡುವಿನ ಹಲವು ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮನೆಯಲ್ಲಿಟ್ಟ ಫೋನಿಗೆ ಒಟಿಪಿ ಬರುವುದಿಲ್ಲ. ಆಗ ಅಂಗಡಿಯವರು ತಮ್ಮದೇ ನಂಬರ್ ಹಾಕಿ ಅರ್ಜಿ ಮುಗಿಸಿಕೊಡುತ್ತಾರೆ. ಹಾಗೆ ಮಾಡುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಅಲ್ಲಿಗೆ ಆ ಖಾತೆಯ ಕೀಲಿ ಬೇರೆಯವರ ಜೇಬಿಗೆ ಹೋಯಿತು. ಮುಂದಿನ ವರ್ಷ ಆ ಅಂಗಡಿ ಮುಚ್ಚಿದ್ದರೆ, ನಂಬರ್ ಬದಲಾಗಿದ್ದರೆ, ಮಗು ತನ್ನದೇ ಅರ್ಜಿಯ ಒಳಗೆ ಹೋಗಲಾರದು.

ಕೆಟ್ಟ ಮನಸ್ಸಿನವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಜಾರ್ಖಂಡ್‌ನಲ್ಲಿ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ದಲ್ಲಾಳಿಗಳು ನುಂಗಿದ್ದನ್ನು 2020ರ ನವೆಂಬರ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಬಯಲಿಗೆಳೆಯಿತು. ಬಡವರಿಂದ ಆಧಾರ್ ಮತ್ತು ಬೆರಳಚ್ಚು ಪಡೆದು, ಅವರ ಹೆಸರಿನಲ್ಲಿ ಬಂದ ಹಣದ ದೊಡ್ಡ ಪಾಲನ್ನು ಹೊಡೆದುಕೊಳ್ಳಲಾಗಿತ್ತು. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ದೇಶದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಡೆಯದೇ ಇರುವಂಥವು ಎಂದು ತಿಳಿದುಬಂತು. ಅವುಗಳಿಂದ ಆದ ನಷ್ಟ 144.83 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿ, ತನಿಖೆಯನ್ನು ಸಿಬಿಐಗೆ ಒಪ್ಪಿಸಲಾಯಿತು. ನಮ್ಮಂಥ ಮನೆಗಳ ಮಕ್ಕಳಿಗಾಗಿಯೇ ಇಟ್ಟಿದ್ದ ಹಣ ಅದು.

ಆದ್ದರಿಂದ ಶಾಲೆಯ ಕಂಪ್ಯೂಟರಿಗೆ ಕಟ್ಟುಪಾಡು ಬೇಕು. ವಿದ್ಯಾರ್ಥಿಗಳಿಗೆ ಬೇರೆ ಲಾಗಿನ್ ಇರಬೇಕು. ಹೊಸ ಸಾಫ್ಟ್‌ವೇರ್ ಹಾಕುವ ಅಧಿಕಾರ ಶಿಕ್ಷಕರ ಲಾಗಿನ್‌ಗೆ ಮಾತ್ರ ಸೀಮಿತವಾಗಿರಬೇಕು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಸೌಲಭ್ಯವನ್ನು ಬ್ರೌಸರಿನಲ್ಲಿ ಮುಚ್ಚಿಡಬೇಕು. ಒಬ್ಬರ ಕೆಲಸ ಮುಗಿದ ಮೇಲೆ ಅವರು ನೋಡಿದ್ದು, ಇಳಿಸಿಕೊಂಡಿದ್ದು ಅಳಿಸಿಹೋಗಬೇಕು. ವೈರಸ್ ತರುವ ಪೆನ್‌ಡ್ರೈವನ್ನು ಶಿಕ್ಷಕರ ಎದುರಿಗೇ ಹಾಕಬೇಕು. ಶಾಲೆಯ ಪೋರ್ಟಲ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದಂತೂ ಕೂಡದು.

ವಿದ್ಯಾರ್ಥಿಗಳೇ, ಇದು ಬೇಡ, ಅದು ತೆರೆಯುವುದಿಲ್ಲ ಎಂದಾಗ ನಿಮಗೆ ಬೇಸರವಾಗುತ್ತದೆ. ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂದು ಅನಿಸುತ್ತದೆ. ಆ ಬೀಗ ನಿಮ್ಮ ಮೇಲಿನ ಅನುಮಾನದಿಂದ ಹಾಕಿದ್ದಲ್ಲ. ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರುವ ತಂಗಿಯ ಪಾಸ್‌ಬುಕ್ ಕಾಯಲು ಹಾಕಿದ್ದು.

ಆದರೆ ಬೀಗ ಹಾಕುವವರಿಗೂ ಒಂದು ಮೇರೆ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೋವರ್ ಮೆರಿಯನ್ ಎಂಬ ಶಾಲಾ ಜಿಲ್ಲೆ ತನ್ನ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಕಳುವಾದರೆ ಪತ್ತೆಹಚ್ಚಲೆಂದು ಅದರಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಅದು ಮಕ್ಕಳು ಮನೆಯಲ್ಲಿದ್ದಾಗಲೂ ಕ್ಯಾಮೆರಾದಿಂದ ಗುಟ್ಟಾಗಿ ಚಿತ್ರ ತೆಗೆಯುತ್ತಿತ್ತು ಎಂಬುದು 2010ರಲ್ಲಿ ಹೊರಬಿತ್ತು. ಪೋಷಕರು ನ್ಯಾಯಾಲಯಕ್ಕೆ ಹೋದರು. ಕೊನೆಗೆ 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಯಂತ್ರವನ್ನು ಕಾಯಲು ಇಟ್ಟ ಕಣ್ಣು ಮಗುವಿನ ಮಲಗುವ ಕೋಣೆಯನ್ನು ನೋಡಿತು.

ಇದು ಸಲ್ಲದು ಎಂಬುದು ನಮಗೆ ಹೊಸ ಪಾಠವಲ್ಲ. ಅನುಮತಿ ಕೇಳದೆ ಇನ್ನೊಬ್ಬರ ಮನೆಯೊಳಗೆ ಹೋಗಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ಪರರ ಗುಟ್ಟು ಹುಡುಕಬಾರದೆಂದು ಸೂರಃ ಅಲ್‌ಹುಜುರಾತ್ ಕಲಿಸುತ್ತದೆ. ದೇಶದ ಕಾನೂನಿನಲ್ಲಿ ಈ ಮಾತಿಗೆ ಬಲ ಬಂದದ್ದರ ಹಿಂದೆ ನಮ್ಮ ರಾಜ್ಯದ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದೂ ಕೋರ್ಟು ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆ-ತಾಯಿಯ ಒಪ್ಪಿಗೆ ಬೇಕು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿಯವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಕಟ್ಟುಪಾಡುಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಕಾಯುವ ಅಗತ್ಯ ನಮಗಿಲ್ಲ.

ಶಾಲೆಗಳಿಗೆ ಕಂಪ್ಯೂಟರ್ ಕೊಡಿಸುವ ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟು. ಹಳೆಯ ಕಚೇರಿಯ ಯಂತ್ರ ಕೊಡುವುದಾದರೆ ಅದರ ಡಿಸ್ಕನ್ನು ಪೂರ್ತಿ ಅಳಿಸಿ ಕೊಡಿ. ಕೊಡುವಾಗ ಶಾಲೆಯವರನ್ನು ಮೂರು ಮಾತು ಕೇಳಿ: ಮಕ್ಕಳು ಮಾಡುವುದರಲ್ಲಿ ಏನೇನು ದಾಖಲಾಗುತ್ತದೆ? ಅದನ್ನು ಯಾರು ನೋಡುತ್ತಾರೆ? ಎಷ್ಟು ದಿನಕ್ಕೆ ಅಳಿಸುತ್ತಾರೆ? ಉತ್ತರವನ್ನು ಮಕ್ಕಳಿಗೂ ತಿಳಿಸಿರಬೇಕು. ಕೆಟ್ಟ ತಾಣಗಳನ್ನು ತಡೆಯುವ ಭರದಲ್ಲಿ ಮಕ್ಕಳ ಸಹಾಯವಾಣಿ 1098ರ ಮಾಹಿತಿಯಾಗಲಿ, ಹೆಣ್ಣುಮಕ್ಕಳ ಆರೋಗ್ಯದ ಪಾಠವಾಗಲಿ ಮುಚ್ಚಿಹೋಗಬಾರದು. ಮನೆಯಲ್ಲಿ ಕೇಳಲಾಗದ್ದನ್ನು ಹುಡುಗಿಯೊಬ್ಬಳು ಅಲ್ಲಿ ಹುಡುಕಿದರೆ, ಅದು ಶಿಕ್ಷಕರ ಕೊಠಡಿಯ ಹರಟೆಯಾಗಬಾರದು.

ಈಗ ನಮ್ಮ ಮನೆಯ ಮಾತು. ಈ ವರದಿಯಲ್ಲಿ ವಿದ್ಯಾರ್ಥಿವೇತನ ಪಡೆದವರ ಹೆಸರು, ಫೋಟೊ ಇಲ್ಲ. ತಾಲ್ಲೂಕು, ತರಗತಿ, ಮೊತ್ತ ಮಾತ್ರ ಇವೆ. ಕೆಲವು ದಾನಿಗಳು ಕಾರಣ ಕೇಳಿದ್ದಾರೆ. ತಾವು ಕೊಟ್ಟ ಹಣದಿಂದ ಓದುತ್ತಿರುವ ಮಗುವಿನ ಮುಖ ನೋಡುವ ಆಸೆ ಸಹಜವಾದದ್ದೇ. ಆದರೆ ನಮ್ಮದು ಸಣ್ಣ ಊರುಗಳು. ತಂದೆಯ ಹೆಸರು, ಗಲ್ಲಿಯ ಹೆಸರು ಹೇಳಿದರೆ ಮನೆ ಪತ್ತೆಯಾಗುತ್ತದೆ. ಜಕಾತ್ ಹಣದಲ್ಲಿ ಓದಿದವಳು ಎಂಬ ಮಾತು ನಾಳೆ ಅವಳ ಮದುವೆಯ ಮಾತುಕತೆಯ ತನಕವೂ ಹೋಗಬಹುದು. ಹೆಸರಿನ ಜೊತೆ ಫೋನ್ ನಂಬರ್ ವಾಟ್ಸ್‌ಆ್ಯಪ್‌ಗೆ ಹೋದರೆ, ನಿಮ್ಮ ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ ಎನ್ನುವ ಕರೆ ಬರಲು ಹೆಚ್ಚು ದಿನ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡಬೇಕೆಂದು ಕಲಿತವರು ನಾವು. ಪಡೆದವರ ಮಾನ ಕಾಯುವುದೂ ಅದೇ ಪಾಠದ ಭಾಗ. ಪೂರ್ತಿ ಪಟ್ಟಿ ಕಚೇರಿಯಲ್ಲಿದೆ. ಲೆಕ್ಕಪರಿಶೋಧಕರು ಅದನ್ನು ಒಂದೊಂದಾಗಿ ನೋಡುತ್ತಾರೆ. ಲೆಕ್ಕದಲ್ಲಿ ಮರೆಮಾಚುವುದು ಏನೂ ಇಲ್ಲ.

ಮುಂದಿನ ವರ್ಷದ ಅರ್ಜಿದಾರರು ಈ ಸೂಚನೆಗಳನ್ನು ಗಮನಿಸಿ:

1. ಅರ್ಜಿಗೆ ಮನೆಯವರ ಮೊಬೈಲ್ ನಂಬರನ್ನೇ ಕೊಡಿ. ಊರಲ್ಲಿ ಸಿಗ್ನಲ್ ಇಲ್ಲದಿದ್ದರೆ ಅರ್ಜಿ ಹಾಕುವ ದಿನ ಆ ಫೋನನ್ನು ಜೊತೆಗೆ ತನ್ನಿ. ವಿದ್ಯಾರ್ಥಿಯ ಓದು ಮುಗಿಯುವವರೆಗೆ ಆ ಸಿಮ್ ಬದಲಾಯಿಸಬೇಡಿ.

2. ಟ್ರಸ್ಟಿನ ಅರ್ಜಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಯುಐಡಿಎಐ ತಾಣದಲ್ಲಿ ಅದು ಸಿಗುತ್ತದೆ.

3. ಝೆರಾಕ್ಸ್ ಪ್ರತಿಯ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ದಿನಾಂಕದೊಡನೆ ಬರೆಯಿರಿ. ಕೆಟ್ಟುಹೋದ ಪ್ರತಿಗಳನ್ನು ಅಂಗಡಿಯಲ್ಲಿ ಬಿಡದೆ ಹರಿದುಹಾಕಿ.

4. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಸ್ಕ್ಯಾನ್ ಪ್ರತಿಗಳನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ.

5. ಯಾಕೆಂದು ತಿಳಿಯದೆ ಎಲ್ಲಿಯೂ ಬೆರಳಚ್ಚು ಕೊಡಬೇಡಿ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಯುಐಡಿಎಐನಲ್ಲಿದೆ.

6. ನಮ್ಮ ಟ್ರಸ್ಟ್ ಯಾರಿಗೂ ಫೋನ್ ಮಾಡಿ ಒಟಿಪಿಯನ್ನಾಗಲಿ, ಶುಲ್ಕವನ್ನಾಗಲಿ ಕೇಳುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

7. ಫೋಟೊ ಅಚ್ಚುಹಾಕಲು ಒಪ್ಪಿಗೆ ಕೇಳುವ ಹಾಳೆ ಬೇರೆಯೇ ಇದೆ. ಬೇಡ ಎಂದು ಬರೆದರೆ ವಿದ್ಯಾರ್ಥಿವೇತನಕ್ಕೆ ಯಾವ ತೊಂದರೆಯೂ ಇಲ್ಲ.

ಓದುಬರಹ ಬಾರದ ತಾಯಂದಿರು ಸಂಕೋಚಪಡಬೇಕಿಲ್ಲ. ಈ ಏಳು ಮಾತುಗಳನ್ನು ಮಕ್ಕಳಿಂದ ಓದಿಸಿ ಕೇಳಿ. ತಿಳಿಯದಿದ್ದರೆ ಕಚೇರಿಗೆ ಬನ್ನಿ, ಉರ್ದು, ಕೊಂಕಣಿ, ಮರಾಠಿ ಯಾವ ಭಾಷೆಯಲ್ಲಾದರೂ ಹೇಳಿಕೊಡುತ್ತೇವೆ. ದಾನಿಗಳ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ಮಕ್ಕಳ ವಿದ್ಯೆಯನ್ನು ಹೆಚ್ಚಿಸಲಿ, ನಮ್ಮ ಕೈಗೆ ಬಂದ ಅಮಾನತ್ತನ್ನು ಕಾಯುವ ಶಕ್ತಿಯನ್ನು ನಮಗೆ ಕೊಡಲಿ. ಆಮೀನ್.